ನೀಲಿ ಟೇಪಿನ ಲಿಪ್‌ಸ್ಟಿಕ್‌ಗಳು

ಮನೆಯಿಂದ, ಅಡುಗೆಮನೆಯ ಮೇಜು
ಭಾನುವಾರ, ಮಧ್ಯಾಹ್ನ

ಪ್ರೀತಿಯ ನಮ್ಮ ಯಜಮಾನರಿಗೆ,

ಹೇಗಿದ್ದೀರಿ? ಸೊಂಟ ನೋವು ಕಮ್ಮಿಯಾಯಿತೇ? ಇಂಜಿನ್ ಕೋಣೆಯ ಸೆಕೆಯಲ್ಲಿ ಬೆವರಿ ಬಂದು ಹಾಗೇ ತಣ್ಣೀರು ಸುರಿದುಕೊಳ್ಳಬೇಡಿ ಎಂದು ಎಷ್ಟು ಸಲ ಹೇಳಿದರೂ ನೀವು ಕೇಳುವ ಪೈಕಿ ಅಲ್ಲ. ಗುಳಿಗೆ ಊಟವಾದ ಮೇಲೇ ನುಂಗಿ, ಮುಂಚೆ ನುಂಗಿ ಆಮೇಲೆ ಹೊಟ್ಟೆ ಹಿಡಿದುಕೊಂಡು ಕೂರಬೇಡಿ. ನನಗೇನು, ಗುಂಡುಕಲ್ಲಿನ ಹಾಗಿದ್ದೇನೆ. ಗುರುವಾರ ನೀವು ಫೋನ್ ಮಾಡಿದಾಗ ಊರಲ್ಲಿ ಏನು ವಿಶೇಷ ಎಂದು ಕೇಳಿದಿರಿ. ಏನೂ ಇಲ್ಲ ಎಂದೆ. ಮಲಗುವ ಕೋಣೆಯ ಪರದೆ ಹೊಲಿದು ಕೊಟ್ಟರಾ ಎಂದಿರಿ. ಇನ್ನೂ ಇಲ್ಲ ಎಂದೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದೇ ಪರದೆ. ಉಪ್ಪು ತಂದಿದ್ದೇನಾ ಎಂದು ಒಮ್ಮೆಯೂ ಕೇಳದ ಗಂಡಸಿಗೆ ಪರದೆಯ ಮೇಲೆ ಇದೆಂಥ ಮಮತೆ ಅಂತೀನಿ! ಹೇಳಬೇಕಾದ ಸುದ್ದಿ ಒಂದು ಇತ್ತು, ಬೇಕೆಂದೇ ಹೇಳಲಿಲ್ಲ. ಈಗ ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅದು ನಿಮ್ಮ ಎದೆಗೆ ನಾಟುವ ಸುದ್ದಿ. ಆದರೆ ನೀವು ಯಾವ ಸಾಮಾನನ್ನೂ ಟೇಪು ಸುತ್ತದೆ ಕಳಿಸುವುದಿಲ್ಲವಲ್ಲ, ನಾನೂ ಸುತ್ತಿಯೇ ಕೊಡುತ್ತೇನೆ. ಕೊನೆಯ ಸಾಲಿಗೆ ಹಾರಬೇಡಿ.

ಮೊದಲು ನಿಮ್ಮ ಲಿಪ್‌ಸ್ಟಿಕ್‌ಗಳ ಕ್ಷೇಮ ಸಮಾಚಾರ. ಪ್ರತಿ ಸಲ ರಜೆಗೆ ಬರುವಾಗ ಯಾವುದಾದರೊಂದು ಬಂದರಿನಿಂದ ಒಂದೊಂದು ತಂದು ಕೊಟ್ಟಿರಿ, ಕೂಡಿಟ್ಟರೆ ದೊಡ್ಡ ಸಂಗ್ರಹವೇ ಆಯಿತು. ಚಮಚಗಳಿಡುವ ಮರದ ಖಾನೆಯನ್ನು ಖಾಲಿ ಮಾಡಿ, ಒಳಗೆ ಬಿಳಿ ಕಾಗದ ಹಾಸಿ, ತಿಳಿಬಣ್ಣದಿಂದ ಗಾಢಕ್ಕೆ ಸಾಲಾಗಿ ಮಲಗಿಸಿದ್ದೇನೆ. ಬಿಸಿಲು ಬೀಳುವ ಕಿಟಕಿಯ ಹತ್ತಿರ ಇಟ್ಟರೆ ಬೆವರುತ್ತವೆ, ಸ್ನಾನದ ಮನೆಯಲ್ಲಿಟ್ಟರೆ ವಾಸನೆ ಹಿಡಿಯುತ್ತವೆ. ಹಳತಾಗಿ ಎಣ್ಣೆ ಕಮಟು ಬಂದದ್ದನ್ನು ಮುಲಾಜಿಲ್ಲದೆ ಎಸೆಯಬೇಕು. ನಾನು ಒಂದನ್ನೂ ಎಸೆದಿರಲಿಲ್ಲ. ಎಲ್ಲದರ ಕುತ್ತಿಗೆಗೂ ನಿಮ್ಮ ಇಂಜಿನ್ ಕೋಣೆಯ ನೀಲಿ ಟೇಪು, ಮುಚ್ಚಳ ದಾರಿಯಲ್ಲಿ ಬಿಚ್ಚಿಕೊಳ್ಳಬಾರದಂತೆ. ಬಿಡಿಸಿದ ಮೇಲೂ ನಾನು ಅದನ್ನು ಕಿತ್ತೆಸೆಯದೆ ಕುತ್ತಿಗೆಗೇ ಸುತ್ತಿಟ್ಟಿದ್ದೇನೆ. ಟೇಪಿನ ತುದಿಯನ್ನು ಒಳಕ್ಕೆ ಮಡಚಿರುತ್ತೀರಿ, ಎಳೆಯಲು ಉಗುರಿಗೆ ಸಿಗಲೆಂದು. ಲೋಕದಲ್ಲಿ ಇನ್ನೊಬ್ಬ ಗಂಡಸು ಹಾಗೆ ಮಡಚುವುದನ್ನು ನಾನು ಕಂಡಿಲ್ಲ. ಆ ಮಡಿಕೆ ಕಂಡಾಗೆಲ್ಲ ನನಗೆ ನಿಮ್ಮ ಮೇಲೆ ಪ್ರೀತಿ ಉಕ್ಕುತ್ತಿತ್ತು, ಸುಳ್ಳು ಹೇಳುವುದಿಲ್ಲ.

ಬಣ್ಣ ಮಾತ್ರ ಒಂದೂ ನನಗೆ ಒಪ್ಪಲಿಲ್ಲ. ಇಟ್ಟಿಗೆ ಕೆಂಪು, ಕಿತ್ತಳೆ ಬೆರೆತ ಕೆಂಪು, ತುಕ್ಕಿನ ಬಣ್ಣ. ನನ್ನ ಮುಖಕ್ಕೆ ಅವನ್ನು ಹಚ್ಚಿದರೆ ಜ್ವರದಿಂದ ಎದ್ದವಳ ಹಾಗೆ ಕಾಣುತ್ತೇನೆ. ಬಣ್ಣ ಹಚ್ಚುವುದೇ ನನ್ನ ಕಸುಬು, ನನಗೆ ಗೊತ್ತಾಗುವುದಿಲ್ಲವೇ? ಪಾಪ, ಗಂಡಸರು, ಅಂಗಡಿಯ ದೀಪದ ಕೆಳಗೆ ಎಲ್ಲವೂ ಚೆಂದ ಕಾಣುತ್ತದೆ ಎಂದು ಸುಮ್ಮನಿದ್ದೆ. ನೀವು ಮನೆಯಲ್ಲಿರುವಷ್ಟು ದಿನ ಹಚ್ಚಿಕೊಂಡು, ನೀವು ಹಡಗು ಹತ್ತಿದ ಮೇಲೆ ಅವನ್ನು ಕೆಲಸಕ್ಕೆ ಒಯ್ಯುತ್ತಿದ್ದೆ. ಹೌದು ರೀ. ನೀವು ತಂದ ಪ್ರೀತಿಯ ಕಾಣಿಕೆಯೆಲ್ಲ ನಮ್ಮ ತಣ್ಣನೆ ಕೋಣೆಯಲ್ಲಿ ಸತ್ತವರ ತುಟಿಗೆ ಹೋಗಿದೆ. ಬಣ್ಣ ಒಪ್ಪಲಿಲ್ಲ ಎಂದು ಅವರ್ಯಾರೂ ದೂರು ಕೊಟ್ಟಿಲ್ಲ.

ಮುಖ ಸಿಂಡರಿಸಬೇಡಿ, ನನ್ನ ಮಡಿ ನನಗಿದೆ. ಲಿಪ್‌ಸ್ಟಿಕ್ಕನ್ನು ನೇರವಾಗಿ ಯಾರ ತುಟಿಗೂ ಮುಟ್ಟಿಸುವುದಿಲ್ಲ. ಚಪ್ಪಟೆ ಅಲಗಿನಿಂದ ಚೂರು ಕೆರೆದು ಸ್ಟೀಲ್ ತಟ್ಟೆಗೆ ಹಾಕಿ, ಅಲ್ಲಿಂದ ಬ್ರಷ್‌ನಲ್ಲಿ ತೆಗೆಯುವುದು. ಮನೆಯ ಬ್ರಷ್ ಬೇರೆ, ಕೆಲಸದ ಬ್ರಷ್ ಬೇರೆ. ಒಂದು ಮುಖ ಮುಗಿದ ಕೂಡಲೇ ಉಗುರು ಬೆಚ್ಚಗಿನ ನೀರು, ಸೋಪು, ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿ ತೊಳೆಯುವುದು. ಕೂದಲು ಕೆಳಮುಖವಾಗಿಯೇ ಇರಬೇಕು. ನೀರು ತಗಡಿನ ಕೊರಳೊಳಗೆ ಇಳಿದರೆ ಅಂಟು ಬಿಟ್ಟು ಕೂದಲು ಉದುರಲು ಶುರು. ಆಮೇಲೆ ತುದಿಯನ್ನು ಬೆರಳಲ್ಲಿ ತೀಡಿ, ಬಟ್ಟೆಯ ಮೇಲೆ ಮಲಗಿಸಿ ನೆರಳಲ್ಲಿ ಒಣಗಿಸುವುದು. ಶವಪೆಟ್ಟಿಗೆ ಅಂಗಡಿಯ ನಮ್ಮ ಮಾಲೀಕರು, ಅದೇ ನೀವು ಪೆಟ್ಟಿಗೆ ಸಾಹುಕಾರ ಎಂದು ಹೆಸರಿಟ್ಟವರು, "ಏನಮ್ಮಾ, ಸತ್ತೋರಿಗೆ ಇಷ್ಟೊಂದು ಶುಚಿ ಯಾಕೆ, ಅವರಿಗೇನು ನೆಗಡಿ ಅಂಟುತ್ತಾ?" ಎಂದು ನಗುತ್ತಾರೆ. ನಗಲಿ. ಈ ಕೈಯಿಂದ ಒಂದು ಬ್ರಷ್ ತೊಳೆಯದೆ ಉಳಿದದ್ದಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಹೆಮ್ಮೆ ಅಂತ ಇರುವುದು ಅದೊಂದೇ.

ಈಗ ಸುದ್ದಿಗೆ ಬರುತ್ತೇನೆ. ಪರದೆ ಇನ್ನು ಬರುವುದಿಲ್ಲ. ಪರದೆ ಹೊಲಿಯುವವಳು ಸತ್ತುಹೋದಳು.

ಕೂತುಕೊಳ್ಳಿ. ನೀರು ಕುಡಿಯಿರಿ. ಅದೇ, ಔಷಧಿ ಅಂಗಡಿಯ ಮೇಲಿನ ಮಹಡಿಯ ದರ್ಜಿ, "ಅಲ್ಲೇ ಹೊಲಿಸು, ಕೈ ಚೆನ್ನಾಗಿದೆ" ಎಂದು ನೀವೇ ತೋರಿಸಿದ ಕೈ. ಅಳತೆಗೆ ಬಂದ ದಿನ ಮಲಗುವ ಕೋಣೆ ಎಲ್ಲಿ ಎಂದು ಕೇಳದೆ ಸೀದಾ ಹೋದಳು ನೋಡಿ, ಆಗಲೇ ನನಗೆ ತಿಳಿಯಬೇಕಿತ್ತು. ಮಂಗಳವಾರ ಹೊಲಿಗೆ ಯಂತ್ರದ ಮೇಲೆಯೇ ತಲೆಯಿಟ್ಟಳಂತೆ. ಹೃದಯ ನಿಂತಿತು ಎಂದರು ಡಾಕ್ಟರು. ಬುಧವಾರ ಸಂಜೆ ನಮ್ಮಲ್ಲಿಗೆ ತಂದರು. ಅಯ್ಯೋ, ಪರಿಚಯದವಳಲ್ಲವೇ ಎಂದು ನಾನು ನಿಜವಾಗಿಯೂ ಮರುಗಿದೆ. ತಲೆ ತೊಳೆದೆ, ಬಾಚಿದೆ. ಮಾರನೇ ದಿನ ಅವಳ ತಂಗಿ ಒಂದು ಬಟ್ಟೆಯ ಚೀಲ ತಂದು ಕೊಟ್ಟಳು. ನಮ್ಮಲ್ಲಿ ಹಾಗೆ ಕೇಳಿ ತರಿಸಿಕೊಳ್ಳುತ್ತೇವೆ, ಬದುಕಿದ್ದಾಗ ಹಚ್ಚಿಕೊಳ್ಳುತ್ತಿದ್ದ ಬಣ್ಣವನ್ನೇ ಹಚ್ಚಿದರೆ ನೋಡುವವರಿಗೆ ಮುಖ ಅಪರಿಚಿತ ಅನ್ನಿಸುವುದಿಲ್ಲ. ಚೀಲವನ್ನು ಮೇಜಿನ ಮೇಲೆ ಸುರಿದೆ. ಇಟ್ಟಿಗೆ ಕೆಂಪು. ಕಿತ್ತಳೆ ಬೆರೆತ ಕೆಂಪು. ತುಕ್ಕಿನ ಬಣ್ಣ. ನನ್ನ ಖಾನೆಯೇ ಎದ್ದು ಬಂದು ಅಲ್ಲಿ ಬಿದ್ದ ಹಾಗಿತ್ತು. ಪ್ರತಿಯೊಂದರ ಕುತ್ತಿಗೆಗೂ ನೀಲಿ ಟೇಪು, ಟೇಪಿನ ತುದಿ ಒಳಕ್ಕೆ ಮಡಚಿದ್ದು. ಅವಳೂ ಕಿತ್ತೆಸೆದಿರಲಿಲ್ಲ.

ಒಂದಕ್ಕೆ ಒಂದು ಫ್ರೀ, ಅಲ್ಲವೇ? ಬಂದರಿನ ಅಂಗಡಿಗಳಲ್ಲಿ ಜೋಡಿ ಪೊಟ್ಟಣ ಕಟ್ಟಿ ಮಾರುತ್ತಾರೆಂದು ನೀವೇ ಒಮ್ಮೆ ಹೇಳಿದ್ದಿರಿ. ಬಲೇ ಲೆಕ್ಕಾಚಾರದ ಮನುಷ್ಯ ನೀವು! ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ ಅನ್ನುತ್ತಾರೆ, ನೀವು ಹಡಗಿನವರು, ಇಷ್ಟು ವರ್ಷ ತೇಲಿದಿರಿ. ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ನಮ್ಮಿಬ್ಬರಲ್ಲಿ ದುಡ್ಡು ಕೊಟ್ಟು ತಂದದ್ದು ಯಾರಿಗೆ, ಫ್ರೀ ಬಂದದ್ದು ಯಾರಿಗೆ?

ಉತ್ತರ ನನ್ನ ಎದುರಿಗೇ ಮಲಗಿತ್ತು. ಬಾಗಿಲು ಹಾಕಿ ಒಂದೊಂದನ್ನೇ ಅವಳ ತುಟಿಗೆ ಹಚ್ಚಿ ನೋಡಿದೆ. ಹಚ್ಚುವುದು, ಹಿಂದೆ ಸರಿದು ನೋಡುವುದು, ಒರೆಸುವುದು, ಇನ್ನೊಂದು ಹಚ್ಚುವುದು. ಹಾಗೆ ಮಾಡಬಾರದು, ಸತ್ತವರು ಆಟದ ಗೊಂಬೆಯಲ್ಲ, ಗೊತ್ತು. ಆದರೂ ಮಾಡಿದೆ. ಅವಳು ಬೇಡ ಅನ್ನಲಿಲ್ಲ. ಒಂದೂ ತಪ್ಪಲಿಲ್ಲ ರೀ. ಒಂದಕ್ಕಿಂತ ಒಂದು ಒಪ್ಪಿತು. ಆ ಎಣ್ಣೆಗಪ್ಪು ಮೈಬಣ್ಣಕ್ಕೆ, ಆ ತುಂಬು ತುಟಿಗೆ, ಅಳತೆ ತೆಗೆದು ಆರಿಸಿದ ಹಾಗಿತ್ತು. ನೀವು ಬಣ್ಣ ತಿಳಿಯದ ಗಂಡಸೆಂದು ಇಷ್ಟು ವರ್ಷ ನಗುತ್ತಿದ್ದೆನಲ್ಲ, ನಿಮಗೆ ಚೆನ್ನಾಗಿಯೇ ತಿಳಿಯುತ್ತಿತ್ತು. ಆಗ ನನಗೆ ಹೊಟ್ಟೆ ಉರಿಯಿತು. ಉಸಿರಿಲ್ಲದವಳ ಮೇಲೆ ಹೊಟ್ಟೆಕಿಚ್ಚು ಪಡುವ ಗತಿ ಯಾವ ಹೆಂಗಸಿಗೂ ಬರಬಾರದು.

ಕೊನೆಗೆ ಇಟ್ಟಿಗೆ ಕೆಂಪೇ ಇರಲಿ, ಅಕ್ಕನಿಗೆ ಅದೇ ಪ್ರಾಣ ಎಂದಳು ತಂಗಿ. ಅವಳದು ತಳ ಕಂಡಿತ್ತು, ಬೆಂಕಿಕಡ್ಡಿಯಿಂದ ಕೆರೆದು ಹಚ್ಚಿಕೊಳ್ಳುತ್ತಿದ್ದಳೇನೋ, ಒಂದು ತುಟಿಗೂ ಸಾಲದು. ನನ್ನ ಬಣ್ಣದ ಪೆಟ್ಟಿಗೆಯಲ್ಲಿದ್ದ ಅದರ ಜೊತೆಯದನ್ನು ತೆಗೆದೆ. ನನ್ನ ಪಾಲಿಗೆ ಬಂದದ್ದೂ ಅವಳಿಗೇ ಸೇರಿತು, ನಿಮಗೆ ಸಮಾಧಾನವಾಗಲಿ. ಕೆಟ್ಟದಾಗಿ ಮಾಡಿರುತ್ತೇನೆ ಎಂದು ಅಂದುಕೊಳ್ಳಬೇಡಿ. ಬಾಯಿ ಸ್ವಲ್ಪ ಸೊಟ್ಟಗೆ ಬಿಡಬಹುದಿತ್ತು, ಕೆನ್ನೆಗೆ ಒಂದು ಹಿಡಿ ಪೌಡರ್ ಹೆಚ್ಚಿಗೆ ಬಳಿದು ಮುದುಕಿ ಮಾಡಬಹುದಿತ್ತು, ಕೈ ಅಲ್ಲಿಗೇ ಹೋಗಿತ್ತು ಕೂಡ. ಆಮೇಲೆ ಇನ್ನೂ ಒಳ್ಳೆಯದು ಹೊಳೆಯಿತು. ಇಷ್ಟು ವರ್ಷದಲ್ಲಿ ಯಾರಿಗೂ ಮಾಡದಷ್ಟು ಚೆಂದ ಮಾಡಿದೆ. ಹುಬ್ಬಿನ ಒಂದೊಂದು ಕೂದಲು ತೀಡಿದೆ. ಈಗ ಎದ್ದು ನಗುತ್ತಾಳೆ ಅನ್ನುವ ಹಾಗಿದ್ದಳು. ಪೆಟ್ಟಿಗೆ ಸಾಹುಕಾರರೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಅವಳು ಅಷ್ಟು ಸುಂದರವಾಗಿ ಕಂಡದ್ದನ್ನು ಊರೆಲ್ಲ ನೋಡಿತು. ನೀವೊಬ್ಬರು ನೋಡಲಿಲ್ಲ. ಶುಕ್ರವಾರ ಬೆಳಿಗ್ಗೆ ಎಲ್ಲ ಮುಗಿಯಿತು.

ರಜೆಗೆ ಬನ್ನಿ, ಎಂದಿನಂತೆ ಬನ್ನಿ. ಬಾಗಿಲು ತೆಗೆಯುತ್ತೇನೆ, ಊಟ ಹಾಕುತ್ತೇನೆ, ಸೊಂಟಕ್ಕೆ ಎಣ್ಣೆ ತಿಕ್ಕುತ್ತೇನೆ. ಅಳಬೇಕು ಅನ್ನಿಸಿದರೆ ನನ್ನ ಎದುರಿಗೇ ಕೂತು ಅಳಿ, ನಾನು ನೋಡಬೇಕು. ಮಲಗುವ ಕೋಣೆಯ ಕಿಟಕಿ ಬೋಳಾಗಿಯೇ ಇರುತ್ತದೆ. ಇನ್ನು ಮೇಲೆ ನನಗೇನೂ ತರಬೇಡಿ, ಜೋಡಿಯಲ್ಲಿ ಒಂದು ಸುಮ್ಮನೆ ಹಾಳಾಗುತ್ತದೆ. ಮೈ ಕಡೆ ಜೋಪಾನ. ನೀವು ಬಹಳ ವರ್ಷ ಬದುಕಬೇಕು ಎಂಬುದೇ ಈಗ ನನ್ನ ಆಸೆ.

ಇಂತಿ,
ನಿಮ್ಮ ಮನೆಯವಳು

ತಾ.ಕ.: ಕತ್ತಲಾಗುವ ಮುಂಚೆ ಹೋಗಿ ಅಂಚೆ ಪೆಟ್ಟಿಗೆಗೆ ಹಾಕಬೇಕು, ಬೇಗ ಬೇಗ ಬರೆಯುತ್ತೇನೆ. ಗುರುವಾರ ನಿಮ್ಮ ಫೋನ್ ಬಂದಾಗ ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಕೈಗವಸು ಹಾಕಿದ್ದರಿಂದ ಸ್ಪೀಕರ್ ಒತ್ತಿ, ಫೋನನ್ನು ಅವಳ ದಿಂಬಿನ ಮೇಲೆ ಇಟ್ಟಿದ್ದೆ. ಹಡಗು ರಿಪೇರಿಗೆ ನಿಂತಿದೆ, ಭಾನುವಾರದ ತನಕ ಕೆಲಸವಿಲ್ಲ, ಬೇಜಾರು ಎಂದು ನೀವು ಹೇಳಿದ್ದು, ಪರದೆ ಪರದೆ ಎಂದು ಕೇಳಿದ್ದು, ಎಲ್ಲ ಅವಳ ಕಿವಿಯ ಹತ್ತಿರವೇ. ಫೋನ್ ಇಟ್ಟು ಹೊರಗೆ ಬಂದೆ. ತಂಗಿ ಬೆಂಚಿನಿಂದ ಎದ್ದು, "ಅಕ್ಕಾ, ಹಡಗಿನವರು ಅಂತ ಒಬ್ಬರಿದ್ದಾರೆ. ಹೆಸರು ಗೊತ್ತಿಲ್ಲ, ನಮ್ಮಕ್ಕ ಹೇಳ್ಲೇ ಇಲ್ಲ. ಫೋನ್‌ಗೂ ಬೀಗ ಹಾಕಿದಾಳೆ. ಹೇಗಾದ್ರೂ ಗೊತ್ತಾಗಿ ಬಂದ್ರೆ ಅಂತ, ಶನಿವಾರದ ತನಕ ಇಡೋಕಾಗುತ್ತಾ?" ಎಂದು ಕೈ ಹಿಡಿದುಕೊಂಡಳು. ಇಡಬಹುದಿತ್ತು. ನಮ್ಮ ತಣ್ಣನೆ ಕೋಣೆಯಲ್ಲಿ ಇನ್ನೊಂದು ವಾರ ಇಟ್ಟರೂ ಮುಖ ಕೆಡುತ್ತಿರಲಿಲ್ಲ. ವಿಮಾನ ಹತ್ತಿದ್ದರೆ ನೀವು ಶುಕ್ರವಾರ ಮಧ್ಯಾಹ್ನಕ್ಕೇ ಇಲ್ಲಿರುತ್ತಿದ್ದಿರಿ. "ಮುಖ ತಡೆಯಲ್ಲಮ್ಮ, ನಾಳೆ ಬೆಳಿಗ್ಗೆನೇ ಮುಗಿಸಿಬಿಡಿ. ಅಂಥವರು ಬರಲ್ಲ" ಎಂದೆ. ಈ ಕೆಲಸದಲ್ಲಿ ಪಳಗಿದವಳು ಎಂದು ನಂಬಿದಳು. ಲಕೋಟೆಯಲ್ಲಿ ಬಟ್ಟೆ ಸುತ್ತಿ ಒಂದು ಬ್ರಷ್ ಇಟ್ಟಿದ್ದೇನೆ, ನೀಲಿ ಟೇಪು ಹಾಕಿದ್ದೇನೆ, ತುದಿ ಮಡಚಿದ್ದೇನೆ, ಉಗುರಿಗೆ ಸಿಗುತ್ತದೆ. ಅವಳಿಗೆ ಇಟ್ಟಿಗೆ ಕೆಂಪು ಹಚ್ಚಿದ್ದು ಅದರಲ್ಲೇ. ಅದನ್ನು ತೊಳೆದಿಲ್ಲ.