ಉಗ್ರಾಣದ ನಾಲ್ಕನೇ ಚೌಕ

೬ ಮೇ ೨೦೦೯, ಬುಧವಾರ. ಸಂಜೆ ೬

ಕಟ್ಟಾಯದವರ ಮದುವೆ ಮುಗಿಯಿತು. ಕಾಲು ಎರಡೂ ಬಾಳೆದಿಂಡು. ಉಗ್ರಾಣಕ್ಕೆ ಬೀಗ ಹಾಕಿದ್ದಾಯಿತು. ಮಂಟಪದಲ್ಲಿ ಉಳಿದದ್ದು: ಅರ್ಧ ಡಬ್ಬ ತುಪ್ಪ, ಒಂದು ಚೀಲ ಕೊಬ್ಬರಿ, ಯಾರದೋ ಹಲ್ಲುಸೆಟ್ಟು. ವಾರಸುದಾರರು ಚಿರೋಟಿ ಹೇಗೆ ತಿಂದರೋ.

ಹುಡುಗಿ ನಿಖಿತಾ. ಗಂಡು ಅರಕಲಗೂಡಿನ ನಂಜುಂಡೇಶ್, ಗೊಬ್ಬರದ ಅಂಗಡಿ. ಧಾರೆಯಾದ ಮೇಲೆ ಸೀರೆ ಬದಲಾಯಿಸಬೇಕು. ವಧುವಿನ ಕೋಣೆಯಲ್ಲಿ ಎಂದಿನಂತೆ ಬೀಗರ ಟ್ರಂಕು, ಬೀಗರ ಮಕ್ಕಳು, ಬೀಗರ ಗೊರಕೆ. ಎಂದಿನಂತೆ ಮಂಟಪದ ಮ್ಯಾನೇಜರ್ ಹಂಸಮ್ಮನೇ, ಅಂದರೆ ನಾನೇ, ಉಗ್ರಾಣ ತೆರೆದುಕೊಟ್ಟೆ. ಈ ಮಂಟಪದಲ್ಲಿ ಒಳಚಿಲಕ ನೆಟ್ಟಗೆ ಬೀಳುವುದು ಅದೊಂದು ಬಾಗಿಲಿಗೇ.

‘ಚಿಲಕ ಹಾಕ್ಕೋ. ನಾನು ಬಾಗಿಲಲ್ಲೇ ಇರ್ತೀನಿ’ ಎಂದೆ.

ತಾಯಿ ಕೃಷ್ಣಮ್ಮನ ಕಣ್ಣು ಚುರುಕು. ‘ಮ್ಯಾಲೆ ಅದೇನು ಅಂಸಮ್ನೋರೆ, ಕ್ಯಾಮ್ರಾನಾ?’

‘ತುಪ್ಪ ಕಾಯೋಕೆ. ತಡೀರಿ, ಆರಿಸಿ ಬರ್ತೀನಿ.’

ಆಫೀಸಿಗೆ ಹೋಗಿ ಟಿವಿ ಆರಿಸಿದೆ. ಪರದೆಯ ನಾಲ್ಕು ಚೌಕ — ಗೇಟು, ವೇದಿಕೆ, ಊಟದ ಮನೆ, ಉಗ್ರಾಣ — ನಾಲ್ಕೂ ಕಪ್ಪು. ಮಾಘದಲ್ಲಿ ಕ್ಯಾಮೆರಾ ಬಂದಾಗಿನಿಂದ ಇದೇ ಕ್ರಮ. ಅವತ್ತು ಬರೆದಿದ್ದೆ:

ಉಗ್ರಾಣಕ್ಕೆ ಬಂತು ಕಣ್ಣು,
ಇನ್ನು ಎಣಿಸಿ ಬಾಳೆಹಣ್ಣು.

ಕಾರ್ಯದರ್ಶಿ ಪಟ್ಟಾಭಿರಾಮಯ್ಯನವರಿಗೆ ಇವತ್ತು ನೆಲ ಕಾಣುತ್ತಿರಲಿಲ್ಲ. ಲಗ್ನಪತ್ರಿಕೆಯ ಹೊಸ ಸಾಲು ಅವರದೇ: ‘ಬರಲಾಗದವರು ಇಂಟರ್‌ನೆಟ್‌ನಲ್ಲಿ ಧಾರೆ ನೋಡಿ ಹರಸಿ.’ ಕೆಳಗೆ ವಿಳಾಸ, ಪಾಸ್‌ವರ್ಡು. ಹೊಳೆನರಸೀಪುರದಲ್ಲೇ ಮೊದಲು, ಹಾಸನದಲ್ಲೂ ಇಲ್ಲ — ಮೂರು ಸಲ ಹೇಳಿದರು. ನಾನೂ ಮೂರು ಸಲ ಹೌದೆಂದೆ.

೧೧ ಮೇ, ಸೋಮವಾರ

ಹಾಸನದಿಂದ ತಮ್ಮ ಮುರಳಿಯ ಫೋನು. ಹೈಸ್ಕೂಲು ಮೇಷ್ಟ್ರು, ನಿಖಿತಾ ಅವನ ಹಳೆಯ ವಿದ್ಯಾರ್ಥಿನಿ. ಅವಳ ಪತ್ರಿಕೆ ಅವನಿಗೂ ಹೋಗಿತ್ತು.

‘ಏನಕ್ಕಾ, ನೆನ್ನೆ ಉಗ್ರಾಣದಲ್ಲಿ ನಿಂತು ಎರಡು ಒಬ್ಬಟ್ಟು ಒಳಗೆ ಇಳಿಸಿದೆಯಲ್ಲ? ಡಾಕ್ಟ್ರು ಏನಂದಿದಾರೆ ನೆನಪಿದೆಯಾ?’

ನಕ್ಕೆ. ಆಮೇಲೆ ನಗು ಹಾಗೇ ನಿಂತಿತು. ನೆನ್ನೆಯದು ಬೇರೆ ಮದುವೆ. ನೆನ್ನೆಯೂ ಹೆಂಗಸರು ಅಲ್ಲೇ ಸೀರೆ ಬದಲಾಯಿಸಿದ್ದರು.

‘ಟಿವಿ ಆರಿಸಿದ್ದೆನಲ್ಲೋ?’

‘ಟಿವಿ ಆರಿಸಿದ್ರೆ ಕ್ಯಾಮೆರಾ ಆರತ್ತೇನೆ? ನಿಮ್ಮನೆ ರೇಡಿಯೋ ಆರಿಸಿದ್ರೆ ಆಕಾಶವಾಣಿಯವರು ಬಾಗಿಲು ಹಾಕ್ಕೊಂಡು ಹೋಗ್ತಾರಾ?’

ಅವನು ಇನ್ನೂ ನಗುತ್ತಿದ್ದ. ನಾನು ಫೋನು ಇಟ್ಟೆ.

೧೨ ಮೇ, ಮಂಗಳವಾರ

ಹಾಸನದ ಸೈಬರ್. ಇಲ್ಲಿನದಕ್ಕೆ ಹೋದರೆ ಎಲ್ಲರೂ ನನ್ನ ಪರಿಚಯದವರು. ಮುರಳಿ ಪತ್ರಿಕೆ ಎದುರಿಗಿಟ್ಟುಕೊಂಡು ಟೈಪು ಮಾಡಿದ. ಎಲ್ಲ ಮದುವೆಗೂ ಒಂದೇ ಪಾಸ್‌ವರ್ಡು, ನಾಲ್ಕೂ ಚೌಕ. ಯಾವುದರ ಮೇಲೆ ಒತ್ತಿದರೆ ಅದು ದೊಡ್ಡದಾಗುತ್ತದೆ.

ನಾಲ್ಕನೆಯದನ್ನು ಒತ್ತಿದ. ಖಾಲಿ ಕೋಣೆ. ಕೊಬ್ಬರಿ ಚೀಲ. ಹೆಂಗಸರಿಗೆ ಅನುಕೂಲವಾಗಲಿ ಎಂದು ನಾನೇ ಮೊಳೆ ಹೊಡೆಸಿ ಹಾಕಿಸಿದ ಕನ್ನಡಿ, ಅದರ ಮೇಲೆ ನಾನೇ ಹಾಕಿಸಿದ ಟ್ಯೂಬ್‌ಲೈಟು. ಎಲ್ಲ ನಿಚ್ಚಳ.

‘ಈಗ ನಗಲ್ಲ ಕಣೆ’ ಎಂದ ಮುರಳಿ.

ಮಾಘದಿಂದ ಎಷ್ಟು ಮದುವೆ? ಎಷ್ಟು ಜನಕ್ಕೆ ಚಿಲಕ ಹಾಕ್ಕೋ ಎಂದಿದ್ದೇನೆ? ಬಸ್ಸಿನಲ್ಲಿ ಪ್ರಾಸ ಹುಡುಕಿದೆ, ಅಭ್ಯಾಸಬಲ. ಏನೂ ಸಿಗಲಿಲ್ಲ. ಸಿಗದಿದ್ದುದೇ ಒಳ್ಳೆಯದು.

೧೪ ಮೇ, ಗುರುವಾರ

ಪಟ್ಟಾಭಿರಾಮಯ್ಯನವರು ಸಿಕ್ಕಿದರು. ನಿವೃತ್ತ ಹೆಡ್‌ಮಾಸ್ಟರು, ಎದುರಿಗೆ ನಿಂತರೆ ಇವತ್ತಿಗೂ ಕೈ ಕಟ್ಟಬೇಕು ಎನಿಸುತ್ತದೆ. ಪಾಸ್‌ವರ್ಡು ಬದಲಾಯಿಸಿ ಎಂದೆ.

‘ಪಾಸ್‌ವರ್ಡು ಬದಲಾಯಿಸೋದು ಹೇಗಮ್ಮಾ? ಜೂನ್‌ನವರ ಪತ್ರಿಕೆ ಹಂಚಿ ಆಗಿದೆ. ಅರಿಶಿನ ಹಚ್ಚಿ, ದೇವರ ಮುಂದೆ ಇಟ್ಟು ಕೊಟ್ಟಿರೋದು. ಅದರಲ್ಲಿ ಒಂದಕ್ಷರ ಸುಳ್ಳಾದರೂ ಅಪಶಕುನ ಅಂತ ಕೂತ್ಕೋತಾರೆ. ತಿದ್ದೋ ಹಾಗಿಲ್ಲ.’

‘ಉಗ್ರಾಣದ್ದಾದರೂ ಇಳಿಸಿ ಸಾರ್.’

‘ಯಾಕೆ? ಕುಂಬಳಕಾಯಿ ನೋಡೋಕೆ ಯಾರಮ್ಮ ಸೈಬರ್‌ಗೆ ಹೋಗ್ತಾರೆ?’

‘ಅಲ್ಲಿ ಹೆಣ್ಣುಮಕ್ಕಳು ಸೀರೆ ಬದಲಾಯಿಸ್ತಾರೆ.’

ಕನ್ನಡಕ ತೆಗೆದರು. ‘ಉಗ್ರಾಣದಲ್ಲಾ? ಯಾವಾಗಿನಿಂದ?’

‘ಮಂಟಪ ಕಟ್ಟಿದಾಗಿನಿಂದ. ನಿಮ್ಮ ಮಗಳು ಸಂಹಿತಾನೂ ಅಲ್ಲೇ ಬದಲಾಯಿಸಿದ್ದು. ಆಗ ಕ್ಯಾಮೆರಾ ಇರಲಿಲ್ಲ, ಅವಳ ಪುಣ್ಯ.’

ಹದಿನೆಂಟು ವರ್ಷ ಕಾರ್ಯದರ್ಶಿ. ಮಂಟಪದ ಗಂಡಸರಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ, ಹೆಂಗಸರಲ್ಲಿ ಗೊತ್ತಿಲ್ಲದವರೇ ಇರಲಿಲ್ಲ.

ಮಧ್ಯಾಹ್ನವೇ ಇಳಿಸಿದರು. ಗೋಡೆಯಲ್ಲಿ ನಾಲ್ಕು ತೂತು.

‘ಇಲ್ಲಿಗೆ ಮುಗೀತು ಹಂಸ. ಯಾರ ಕಿವಿಗೂ ಬೀಳಬಾರದು. ಬಿತ್ತೋ, ಮದುವೆಗಳೆಲ್ಲ ಚನ್ನರಾಯಪಟ್ಟಣಕ್ಕೆ, ನೀನೂ ನಾನೂ ಮನೆಗೆ.’

ಹೂಂ ಎಂದೆ. ಎಷ್ಟು ಸಲೀಸಾಗಿ ಬಂತು ಆ ಹೂಂ.

೮ ಜೂನ್, ಸೋಮವಾರ

ಬರೆದಿಲ್ಲ. ಬರೆಯದಿದ್ದರೆ ಮರೆಯುತ್ತೇನೆ ಎಂದುಕೊಂಡಿದ್ದೆ. ಪ್ರಾಸ ಸರಿಯಿದೆ, ಮಾತು ಸುಳ್ಳು.

ಉಗ್ರಾಣದಲ್ಲಿ ಇವತ್ತೂ ಹೆಂಗಸರು. ಒಳಗೆ ಹೋಗಿ ತೂತುಗಳನ್ನು ನೋಡಿ ಬಂದೆ. ಎರಡು ಸಲ.

೨೪ ಜೂನ್, ಬುಧವಾರ

ಆಷಾಢ. ಮಂಟಪದಲ್ಲಿ ನಾನು, ಪಾರಿವಾಳ.

ಹನ್ನೊಂದಕ್ಕೆ ಕೃಷ್ಣಮ್ಮ ಬಂದರು. ಹಲ್ಲುಸೆಟ್ಟು ಕೇಳಲು ಬಂದರೇನೋ ಎಂದುಕೊಂಡು ಡ್ರಾಯರು ಎಳೆದೆ. ಅವರು ಕೂರಲಿಲ್ಲ.

‘ನಿಖಿತಾ ಬಂದ್ಬುಟ್ಟವ್ಳೆ ಅಂಸಮ್ನೋರೆ. ಆಸಾಡಕ್ಕಿಂತ ಮದ್ಲೇ. ಗಂಡನೇ ತಂದ್ಬುಟ್ಟೋದ.’

ಅಳಿಯನ ಸ್ನೇಹಿತನೊಬ್ಬ ಹೋಟೆಲಿನಲ್ಲಿ ನಾಲ್ಕು ಜನರ ಎದುರಿಗೆ ಕೇಳಿದನಂತೆ — ನಿನ್ನ ಹೆಂಡತಿ ಬೆನ್ನ ಮೇಲಿನ ಸುಟ್ಟ ಕಲೆ ಏನಯ್ಯ ಎಂದು. ಕಲೆ ಇರುವುದು ನಿಜ. ಮೂರು ವರ್ಷದವಳಿದ್ದಾಗ ಮುದ್ದೆಯ ಎಸರು ಬಿದ್ದದ್ದು. ರವಿಕೆಯೊಳಗಿನ ಕಲೆ.

‘ಅವ್ನಿಗೆಂಗೊತ್ತು ಅಂತ ಇವ್ಳುನ್ನ ಕೇಳ್ತಾನೆ. ಇವ್ಳೇನೇಳಾಳು? ಮದ್ವೆ ದಿನ ಯಾರ್ ಬಂದಿದ್ರು, ಅದುಕ್ ಮುಂಚೆ ಯಾರಿದ್ರು... ಬಾಯಿಗ್ ಬಂದಂಗೆ. ಊರ್ನೋರ್ಗೆ ಆಸಾಡಕ್ ಬಂದವ್ಳೆ ಅಂತ ಏಳ್ಕಂಡಿವ್ನಿ. ಆಸಾಡ ಮುಗುದ್ಮ್ಯಾಲೆ ಏನೇಳ್ಲಿ?’

ಎಳೆದ ಡ್ರಾಯರು ಮುಚ್ಚಿದೆ.

‘ಅವತ್ತು ಬಾಗ್ಲಲ್ಲಿ ನೀವೇ ನಿಂತಿದ್ರಿ. ಒಂದು ನರಪಿಳ್ಳೆನೂ ಒಳೀಕ್ ಬರ್ನಿಲ್ಲ ಅಂತ ನನ್ನಳಿಯನ ಮುಂದೆ ಒಂದ್ ಮಾತೇಳ್ಬುಡಿ. ನೀವು ಓದ್ದೋರು. ನಿಮ್ ಮಾತು ನಂಬ್ತಾನೆ.’

ಬರುತ್ತೇನೆ ಎಂದೆ. ಕ್ಯಾಮೆರಾದ ಮಾತು ಎತ್ತಲಿಲ್ಲ. ಅವರು ಕೈ ಮುಗಿದರು. ನನಗೆ!

೨೫ ಜೂನ್, ಗುರುವಾರ

ಪಟ್ಟಾಭಿರಾಮಯ್ಯನವರಿಗೆ ಹೇಳಿದೆ.

‘ಹೋಗು. ಅವರು ಕೇಳಿದಷ್ಟೇ ಹೇಳು. ಯಾರೂ ಒಳಗೆ ಬರಲಿಲ್ಲ. ಸುಳ್ಳೇನಲ್ಲವಲ್ಲ?’

ಸುಳ್ಳಲ್ಲ. ಅದೇ ಕಷ್ಟ. ಅಲ್ಲಿ ಯಾರೂ ಬರಲಿಲ್ಲ ಎಂದು ನಾನು ಸಾಕ್ಷಿ ಹೇಳಿದರೆ ನಂಜುಂಡೇಶ್ ಉಳಿದ ಲೆಕ್ಕ ತಾನೇ ಹಾಕುತ್ತಾನೆ: ಹಾಗಾದರೆ ಬೇರೆ ಎಲ್ಲೋ, ಬೇರೆ ಯಾವಾಗಲೋ. ನನ್ನ ನಿಜದಿಂದಲೇ ಹುಡುಗಿಯ ಬಾಳು ಮುಗಿಯುತ್ತದೆ.

‘ಪೂರ್ತಿ ಹೇಳ್ತೀನಿ ಸಾರ್.’

‘ಆಗ ಇಲ್ಲಿಗೆ ವಾಪಸು ಬರೋದು ಬೇಡಮ್ಮ.’ ಸಿಟ್ಟಿರಲಿಲ್ಲ. ದಣಿದಿದ್ದರು. ನಾನೂ.

೨೮ ಜೂನ್, ಭಾನುವಾರ

ಕಟ್ಟಾಯ. ಮೊದಲು ಅವಳಿಗೇ ಹೇಳಬೇಕು ಎನಿಸಿತು. ಅವಳ ಬೆನ್ನು, ಅವಳಿಗಿಂತ ಮೊದಲು ಅರಕಲಗೂಡಿಗೆ ಯಾಕೆ ತಿಳಿಯಬೇಕು?

ನಿಖಿತಾ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಹೇಳಿದೆ. ಟಿವಿ, ಕ್ಯಾಮೆರಾ, ಪತ್ರಿಕೆ, ಎಲ್ಲ. ಕೈ ನಿಲ್ಲಿಸಲಿಲ್ಲ, ಕಲ್ಲು ಒಂದು ಕಡೆ, ನೆಲ್ಲು ಒಂದು ಕಡೆ.

‘ಎಷ್ಟ್ ಜನ ನೋಡಿರ್ಬೌದು?’

‘ಗೊತ್ತಿಲ್ಲಮ್ಮ.’

‘ಅಪ್ಪ ಮನೆಮನೆಗೆ ಓಗಿ ಕುಂಕುಮ ಇಟ್ಟು ಪತ್ರಿಕೆ ಕೊಟ್ಟು ಬಂದ್ರು. ತಪ್ದೆ ನೋಡಿ ಅಂತ ಏಳಿದ್ರು.’



ಕಾಫಿ ತಂದ ಕೃಷ್ಣಮ್ಮ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ‘ಆರ್ಸಿ ಬತ್ತೀನಿ ಅಂದ್ರಲ್ಲ... ಆರ್ಸಿವ್ನಿ ಅಂದ್ರಲ್ಲ ಅಂಸಮ್ನೋರೆ.’ ಲೋಟ ಒಳಗೆ ವಾಪಸು ಹೋಯಿತು. ಸರಿಯೇ. ನಾನಾದರೆ ಮುಖಕ್ಕೆ ಎರಚುತ್ತಿದ್ದೆ.

ಹೊರಡುವಾಗ ನಿಖಿತಾ ಗೇಟಿನವರೆಗೆ ಬಂದಳು.

‘ಅವ್ರಿಗೂ ಏಳಿ. ನೀವೇ ಏಳಿ, ನಾನ್ ಏಳಿದ್ರೆ ನಂಬಾಕಿಲ್ಲ. ಆಮೇಲೆ ಕರ್ಕಂಡೋಗಾಕ್ ಬಂದ್ರೆ ಬರ್ಲಿ. ಓಗ್ಬೇಕೋ ಬ್ಯಾಡ್ವೋ ನಾನ್ ಯೋಚ್ನೆ ಮಾಡ್ತೀನಿ.’

೫ ಜುಲೈ, ಭಾನುವಾರ. ಬೆಳಿಗ್ಗೆ ೯. ಅರಕಲಗೂಡು ಬಸ್ ಸ್ಟ್ಯಾಂಡು

ಬೀಗದ ಕೈ ಗೊಂಚಲು ನೆನ್ನೆಯೇ ಕೊಟ್ಟೆ. ಪಟ್ಟಾಭಿರಾಮಯ್ಯನವರು ಎಣಿಸದೆ ಜೇಬಿಗೆ ಹಾಕಿಕೊಂಡರು.

ಗೊಬ್ಬರದ ಅಂಗಡಿ ಎದುರಿಗೇ ಇದೆ. ಬಾಗಿಲು ಅರ್ಧ ಎತ್ತಿದ್ದಾನೆ. ಹತ್ತಕ್ಕೆ ಬನ್ನಿ ಎಂದಿದ್ದ, ಫೋನಿನಲ್ಲಿ. ಮೊದಲ ವಾಕ್ಯ ಇಲ್ಲೇ ಬರೆದು ನೋಡುತ್ತೇನೆ.

‘ನಂಜುಂಡೇಶಪ್ಪ, ನಿಖಿತಾಳದ್ದೇನೂ ತಪ್ಪಿಲ್ಲ’ — ಬೇಡ. ಅವಳ ಹೆಸರಿನ ಪಕ್ಕ ಆ ಪದವೇ ಬೇಡ.

‘ನಂಜುಂಡೇಶಪ್ಪ, ಒಂದು ವಿಚಾರ ಹೇಳಬೇಕಿತ್ತು’ — ಇದು ಚಂದಾ ಕೇಳುವವರ ಮಾತು.

ಎದುರಿನ ಬಾಗಿಲು ಪೂರ್ತಿ ಮೇಲೆ ಹೋಯಿತು. ನನ್ನನ್ನು ನೋಡಿದ.

‘ನಂಜುಂಡೇಶಪ್ಪ, ನಿಮ್ಮ ಹೆಂಡತಿಯನ್ನ ಆ ಕೋಣೆಗೆ ಕಳಿಸಿದವಳು ನಾನು. ಯಾರಿಗೂ ಕಾಣಲ್ಲ ಅಂತ ಹೇಳಿ ಕಳಿಸಿದೆ. ಆದರೆ ಅವತ್ತು ಅಲ್ಲಿ —