ನಲವತ್ತೇಳನೆಯ ಮಗ್ಗದ ತಪ್ಪು

ಮಾನ್ಯ ನಿರ್ದೇಶಕರೇ,

ಬರುವ ತಿಂಗಳ ಹನ್ನೆರಡರಂದು ಪೆಲುಮೊ ಬಟ್ಟೆ ಗಿರಣಿಯ ಹಳೆಯ ಹೆಬ್ಬಾಗಿಲಲ್ಲಿ ನೀವು ನಿಲ್ಲಿಸಲಿರುವ ಕಲ್ಲಿನ ಮೇಲೆ ಒಂದು ಸುಳ್ಳು ಕೆತ್ತಿಸಿದ್ದೀರಿ. ಅದನ್ನು ಅಳಿಸಿ ಎಂದು ಕೇಳಲು ಈ ಪತ್ರ. "ಬದಲಾದ ಕಾಲಕ್ಕೆ ಹೊಂದಿಕೊಳ್ಳಲಾರದೆ, ವಿಕಾಸದ ಸಹಜ ನಿಯಮದಂತೆ, 1982ರಲ್ಲಿ ಈ ಗಿರಣಿ ಅಳಿಯಿತು" ಎಂಬುದು ನಿಮ್ಮ ವಾಕ್ಯ. ಪರಂಪರೆ ಇಲಾಖೆಯ ಕೆಲಸವಲ್ಲವೇ, ಅಕ್ಷರಗಳೇನೋ ಬಹಳ ಚೆಂದವಾಗಿವೆಯಂತೆ. ಆ ಕಲ್ಲಿನ ಪರದೆ ಸರಿಸಲು ನೀವು ಆರಿಸಿಕೊಂಡಿರುವವರು ಬದುಕಿರುವ ನೇಕಾರರಲ್ಲಿ ಎಲ್ಲರಿಗಿಂತ ಹಿರಿಯರಾದ ಎರ್ಮಿಂದಾ ಸಾಯೆಸ್. ವಯಸ್ಸು ಎಂಬತ್ತಾರು. ನನ್ನ ತಾಯಿ.

ನಿಮ್ಮ ಕಚೇರಿಗೆ ಈ ಬಗ್ಗೆ ಎರಡು ಸಲ ಬರೆದೆ. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ ಬಂದ ಉತ್ತರದಲ್ಲಿ, ಬೇಕಾದರೆ 'ಅಳಿಯಿತು' ಎಂಬುದನ್ನು ತೆಗೆದು 'ಸಹಜ ಅಂತ್ಯ ಕಂಡಿತು' ಎಂದು ಹಾಕಬಹುದು ಅಂದಿರಿ. ಅಳಿಯ ಅಲ್ಲ, ಮಗಳ ಗಂಡ! ಅದಕ್ಕೇ ಈಗ ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ನೀವು ಆಹ್ವಾನಪತ್ರಿಕೆ ಕೊಡಲು ನಮ್ಮ ಮನೆಗೆ ಬಂದ ಮಧ್ಯಾಹ್ನ ನೆನಪಿದೆಯಲ್ಲವೇ? ಹೊರಗೆ ಮಳೆ. ಅಮ್ಮ ಕುಂಬಳಕಾಯಿ ಹಿಟ್ಟಿನ ಬಿಸಿಬಿಸಿ ಸೋಪಾಯ್ಪಿಯಾ ಕರಿದು ಚಹದ ಜೊತೆ ಇಟ್ಟಳು. ನೀವು ನಾಲ್ಕು ತಿಂದಿರಿ. ಕಲ್ಲಿನ ಬರಹವನ್ನು ಗಟ್ಟಿಯಾಗಿ ಓದಿದಿರಿ. ಆಮೇಲೆ ನಿಮ್ಮ ಸಹಾಯಕಿಯ ಕಡೆ ತಿರುಗಿ, ಸದ್ದೇ ಬಾರದಷ್ಟು ಮೆಲ್ಲಗೆ ಏನೋ ಹೇಳಿದಿರಿ. ನನಗೆ ಕೇಳಿಸಲಿಲ್ಲ. ಅಮ್ಮನಿಗೆ ಕಾಣಿಸಿತು. ಮೂವತ್ತು ವರ್ಷ ಮಗ್ಗಗಳ ಅಬ್ಬರದ ನಡುವೆ ದುಡಿದವರಿಗೆ ಕಿವಿ ಉಳಿಯುವುದಿಲ್ಲ ಸ್ವಾಮಿ, ಆದರೆ ಕಣ್ಣಿಗೆ ಕಿವಿ ಬರುತ್ತದೆ. ಗಿರಣಿಯವರು ದನಿ ತೆಗೆಯದೆ ಬರೀ ತುಟಿಯಲ್ಲಿ ಮಾತಾಡಿ, ಇಪ್ಪತ್ತು ಮಗ್ಗ ಆಚೆ ನಿಂತವಳ ಜೊತೆ ಜಗಳವಾಡಿ, ರಾಜಿ ಮಾಡಿಕೊಂಡು, ಮದುವೆ ಕುದುರಿಸಿದ ಜನ. ನೀವು ಹೋದ ಮೇಲೆ ಅಮ್ಮ ನಿಮ್ಮ ಮಾತನ್ನು ನನಗೆ ಒಪ್ಪಿಸಿದಳು: "ಪಾಪ, ಪೂರ್ತಿ ಕಿವುಡಿ. ಏನೂ ತಿಳಿಯಲ್ಲ. ಫೋಟೋಗೆ ಚೆನ್ನಾಗಿರ್ತಾಳೆ."

"ನೀನೇನೋ ತುಟಿ ಅಲ್ಲಾಡಿಸ್ತಿದ್ದೆ, ಏನಂದೆ ಅವರಿಗೆ?" ಎಂದು ಕೇಳಿದೆ.

"ಈ ಮುಠ್ಠಾಳನಿಗೆ ನಾಲ್ಕನೇದು ಬೇರೆ ಕೇಡು ಅಂದೆ. ಅವನು ಪ್ರಾರ್ಥನೆ ಅಂದ್ಕೊಂಡು ತಲೆ ಬಗ್ಗಿಸಿದ."

ನಾವಿಬ್ಬರೂ ನಕ್ಕೆವು. ಆಮೇಲೆ ಅಮ್ಮ ಕಿಟಕಿಯ ಪಕ್ಕದ ಖಾಲಿ ಕುರ್ಚಿಯ ಕಡೆ ನೋಡಿ, "ಆ ಕಲ್ಲಿನ ಮೇಲೆ ಹಾಗೆ ಬರೆದ್ರೆ ನಿಮ್ಮಪ್ಪ ಇನ್ನೆಲ್ಲಿಗೆ ಹೋಗ್ಬೇಕು, ಮಿರೆಯಾ?" ಅಂದಳು. ನಗು ಅಲ್ಲಿಗೇ ನಿಂತಿತು.

ನನ್ನ ತಂದೆ ಬಾಲ್ದೊಮೆರೊ ಕಾರ್ಕಾಮೊ ಗಿರಣಿಯಲ್ಲಿ ಮಗ್ಗಗಳ ಮಿಸ್ತ್ರಿ. ಅವರ ಸಾಲಿನಲ್ಲಿ ನಲವತ್ತೇಳನೆಯ ಮಗ್ಗಕ್ಕೊಂದು ಕಾಯಿಲೆಯಿತ್ತು. ಬಟ್ಟೆಯ ಎಡ ಅಂಚಿನಿಂದ ನಾಲ್ಕು ಬೆರಳು ಒಳಗೆ, ಗೇಣಿಗೊಂದು ಕಡೆ ಉದ್ದಕ್ಕೆ ಓಡುವ ಹಾಸಿನ ಒಂದು ಎಳೆ ಸಡಿಲವಾಗಿ ಅಕ್ಕಿಕಾಳಿನಷ್ಟು ಕಿಂಡಿ ಬೀಳುತ್ತಿತ್ತು. ಅರವತ್ತರ ಭೂಕಂಪದಲ್ಲಿ ಅದರ ಕಬ್ಬಿಣದ ಚೌಕಟ್ಟೇ ತಿರುಚಿಕೊಂಡಿತ್ತು. ಯಾವ ಮಿಸ್ತ್ರಿಯ ಕೈಯಲ್ಲೂ ಸರಿಯಾಗುವಂಥದ್ದಲ್ಲ. ಅಪ್ಪ ಮಾತ್ರ ಇಪ್ಪತ್ತೆರಡು ವರ್ಷ ಬಿಡದೆ ಪ್ರಯತ್ನಿಸಿದರು. ಆ ಮಗ್ಗದಲ್ಲಿ ನೇಯುತ್ತಿದ್ದವಳು ಅಮ್ಮ. ಅವರ ಪ್ರೇಮ ಶುರುವಾದದ್ದೂ ಆ ಕಿಂಡಿಯಿಂದಲೇ ಎಂದು ಊರಲ್ಲಿ ಗೇಲಿ ಮಾಡುತ್ತಿದ್ದರು: ಬಾಲ್ದೊಮೆರೊ ರಿಪೇರಿಗೆ ಬಂದವನು ಮನೆಗೇ ಹೋಗಲಿಲ್ಲ ಎಂದು.

ಎಂಬತ್ತೆರಡರ ಏಪ್ರಿಲ್‌ನಲ್ಲಿ ಗಿರಣಿ ಮುಚ್ಚಿದ ದಿನ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದರು. ರಾಜಧಾನಿ ಸಾಂತಿಯಾಗೊದಿಂದ ಒಬ್ಬ ಯುವ ಅರ್ಥಶಾಸ್ತ್ರಜ್ಞ ಬಂದಿದ್ದ, ಗರಿಗರಿ ಕೋಟು. ಕಾಡಿನಲ್ಲಿ ಜಿಂಕೆ ಓಡಬೇಕು, ಓಡಲಾರದ್ದನ್ನು ಹುಲಿ ತಿನ್ನುತ್ತದೆ, ಮಾರುಕಟ್ಟೆಯೂ ಹಾಗೇ, ಇದರಲ್ಲಿ ಯಾರ ದ್ವೇಷವೂ ಇಲ್ಲ ಎಂದ. ಪಕ್ಕದ ರಾಶಿಯಿಂದ ಕೈಗೆ ಸಿಕ್ಕ ಒಂದು ಕಂಬಳಿ ಎಳೆದು ಬಿಸಿಲಿಗೆ ಹಿಡಿದ. ಕಿಂಡಿಗಳಿಂದ ಬೆಳಕು ಸಾಲಾಗಿ ತೂರಿ ಬಂತು. "ನೋಡಿ, ಇದಕ್ಕೇ. ಪ್ರಕೃತಿ ದೋಷವನ್ನು ಕ್ಷಮಿಸುವುದಿಲ್ಲ" ಎಂದ. ನೂರಾ ಎಂಬತ್ತು ಮಗ್ಗಗಳ ಬಟ್ಟೆ ಆ ರಾಶಿಯಲ್ಲಿತ್ತು. ಅವನ ಕೈಗೆ ಬಂದದ್ದು ನಲವತ್ತೇಳನೆಯದು.

ನಾನಾಗ ಹದಿನೇಳರ ಹುಡುಗಿ, ಬೇಲಿಯಾಚೆ ನಿಂತಿದ್ದೆ. ಅಪ್ಪ ಟೋಪಿ ತೆಗೆದದ್ದನ್ನು ನೋಡಿದೆ. ಯಾರೋ ಸತ್ತಾಗ ತೆಗೆಯುವ ಹಾಗೆ.

ಆ ಜೂನಿನ ಚಳಿಗಾಲದಲ್ಲಿ ನನ್ನ ತಂದೆ ಮನೆ ಮನೆಗೆ ಹೋಗಿ ಕ್ಷಮೆ ಕೇಳಿದರು. ಹೌದು, ಮನೆ ಮನೆಗೆ. ಮಳೆಯಲ್ಲಿ ನೆನೆದುಕೊಂಡು ಬಾಗಿಲು ತಟ್ಟುವುದು, "ನನ್ನಿಂದ ಹೀಗಾಯ್ತು, ನಲವತ್ತೇಳನ್ನ ನಾನು ಸರಿ ಮಾಡ್ಬೇಕಿತ್ತು" ಅನ್ನುವುದು. ಮೊದಮೊದಲು ಜನ ನಕ್ಕರು. "ಥೂ ಹುಚ್ಚಪ್ಪ, ಒಂದು ಎಳೆಗೆ ಎಂಟುನೂರು ಜನರ ಗಿರಣಿ ಬೀಳುತ್ತಾ? ಬಾ, ಚಹ ಕುಡಿ" ಎಂದರು. ಆಗಸ್ಟ್ ಹೊತ್ತಿಗೆ ಅನ್ನ ಕಡಿಮೆಯಾಯಿತು, ನಗುವೂ ಕಡಿಮೆಯಾಯಿತು. ಬಣ್ಣದ ಖಾತೆಯ ಓಸ್ವಾಲ್ದೊ, ಅಪ್ಪನ ಜೀವದ ಗೆಳೆಯ, ಬಾಗಿಲು ತೆಗೆದು, ಮಾತು ಪೂರ್ತಿ ಕೇಳಿ, ಮತ್ತೆ ಬಾಗಿಲು ಹಾಕಿಕೊಂಡ. ಅಂದಿನಿಂದ ಅಪ್ಪ ಯಾರ ಮನೆಗೂ ಹೋಗಲಿಲ್ಲ. ಬೆಳಿಗ್ಗೆ ಆರೂವರೆಗೆ ಮುಖ ಕ್ಷೌರ ಮಾಡಿಕೊಂಡು, ಎಳೆ ಸರಿಪಡಿಸುವ ಮಗ್ಗದ ಕೊಕ್ಕೆಯನ್ನು ಜೇಬಿಗೆ ಹಾಕಿಕೊಂಡು, ಬೀಗ ಬಿದ್ದ ಗೇಟಿನ ಮುಂದೆ ಏಳರ ತನಕ ನಿಂತು ಬರುತ್ತಿದ್ದರು. ಎಂಬತ್ತಮೂರರಲ್ಲಿ ಮಗ್ಗಗಳನ್ನು ಗುಜರಿ ಎಂದು ಲಾರಿಗೆ ತುಂಬಿದಾಗಲೂ ಅಲ್ಲೇ ನಿಂತಿದ್ದರು. ಒಂಬತ್ತು ವರ್ಷ ಹೀಗೆ ನಡೆಯಿತು. ತೊಂಬತ್ತೊಂದರ ಮಾರ್ಚ್‌ನಲ್ಲಿ ತೀರಿಕೊಂಡರು. ಕೊನೆಗೆ ಆಡಿದ ಮಾತು ದೇವರ ಬಗ್ಗೆಯಲ್ಲ, ನಮ್ಮ ಬಗ್ಗೆಯೂ ಅಲ್ಲ. "ಎಡಗಡೆ, ನಾಲ್ಕು ಬೆರಳು" ಅಂದರು, ಅಷ್ಟೇ.

ಈಗ ನಿಮ್ಮ 'ವಿಕಾಸದ ಸಹಜ ನಿಯಮ'ಕ್ಕೆ ಬರೋಣ. ಅರ್ಥಶಾಸ್ತ್ರದ ವಿಚಾರಗಳ ಚರಿತ್ರೆಯನ್ನು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಆ ವಿಷಯ ಆರಿಸಿಕೊಂಡದ್ದೇ ಆ ಗರಿಗರಿ ಕೋಟಿನವನ ಮಾತು ಎಲ್ಲಿಂದ ಬಂತೆಂದು ಹುಡುಕಲು. ಕೇಳಿ, ಅದರ ಪ್ರಯಾಣ ಸ್ವಾರಸ್ಯವಾಗಿದೆ. ಇಂಗ್ಲೆಂಡಿನ ಒಬ್ಬ ಪಾದ್ರಿ, ಜನ ಹೆಚ್ಚುವ ವೇಗದಲ್ಲಿ ಅನ್ನ ಹೆಚ್ಚುವುದಿಲ್ಲವೆಂದು ಅರ್ಥಶಾಸ್ತ್ರ ಬರೆದ. ಅದನ್ನು ಓದಿದ ಪ್ರಕೃತಿ ವಿಜ್ಞಾನಿಯೊಬ್ಬ (ಅದಕ್ಕೂ ಮೊದಲು, 1835ರ ಭೂಕಂಪದ ಬೆನ್ನಿಗೇ ನಮ್ಮ ಈ ಕರಾವಳಿಯಲ್ಲಿ ಇಳಿದು ಕಾನ್ಸೆಪ್ಸಿಯೋನಿನ ಕಲ್ಲುರಾಶಿಗಳ ನಡುವೆ ನಡೆದಾಡಿದ್ದವನು) ಜೀವಿಗಳಲ್ಲಿ ಆಯ್ಕೆ ಹೇಗೆ ನಡೆಯುತ್ತದೆಂದು ಕಂಡುಕೊಂಡ. 'ಸಮರ್ಥರೇ ಉಳಿಯುತ್ತಾರೆ' ಎಂಬ ನುಡಿಯನ್ನು ಟಂಕಿಸಿದವನು ಇನ್ನೊಬ್ಬ. ಅದು ಸಿರಿವಂತರ ಕಿವಿಗೆ ಬಿತ್ತು ನೋಡಿ, ತಾವು ಗೆದ್ದದ್ದು ಪ್ರಕೃತಿಯ ತೀರ್ಪು ಎಂದು ಕುಣಿದಾಡಿದರು. ಸಂತೆಯಿಂದ ಕಾಡಿಗೆ ಹೋದ ಮಾತು, ಕಾಡಿನ ವೇಷ ಹಾಕಿಕೊಂಡು ಸಂತೆಗೇ ಮರಳಿತು. ಈಗ ಅದು ಪ್ರಕೃತಿಯ ನಿಯಮವಂತೆ!

ಆ ವಿಜ್ಞಾನಿಯನ್ನಾದರೂ ನೀವು ಓದಬಹುದಿತ್ತು. ಅವನು ವಾದ ಆರಂಭಿಸುವುದು ಹುಲಿ ಜಿಂಕೆಯಿಂದಲ್ಲ, ಪಾರಿವಾಳ ಸಾಕುವವರಿಂದ. ಯಾವ ಪಾರಿವಾಳ ಮರಿ ಮಾಡಬೇಕು, ಯಾವುದು ಮಾಡಬಾರದು ಎಂದು ಅಲ್ಲಿ ಆರಿಸುವುದು ಮನುಷ್ಯನ ಕೈ. ಹಾಗಾದರೆ ನಮ್ಮ ಗಿರಣಿಯನ್ನು ಆರಿಸಿ ಕತ್ತು ಮುರಿದದ್ದು ಪ್ರಕೃತಿಯೋ, ಕೈಯೋ? ಆಮದು ಬಟ್ಟೆಯ ಸುಂಕ ಇಳಿಸಿದ್ದು ಮಳೆಯೇ? ಹೊರಗಿನ ಮಾಲು ಅಗ್ಗವಾಗುವಂತೆ ಡಾಲರನ್ನು ಮೂರು ವರ್ಷ ಮೂವತ್ತೊಂಬತ್ತು ಪೆಸೊಗೆ ಮೊಳೆ ಹೊಡೆದು ನಿಲ್ಲಿಸಿದ್ದು ಭೂಕಂಪವೇ? ಆದೇಶಗಳಿಗೆ ಸಹಿ ಇತ್ತು, ಮುದ್ರೆ ಇತ್ತು, ತಾರೀಖು ಇತ್ತು. ಪ್ರಕೃತಿ ಕಚೇರಿ ವೇಳೆಯಲ್ಲಿ ಸಹಿ ಹಾಕುವುದನ್ನು ನಾನಂತೂ ಕಂಡಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ ಹೇಳಿ ನಮ್ಮ ಬಾಯಿ ಮುಚ್ಚಿಸುತ್ತೀರಿ. ಅಲ್ಲ ಸ್ವಾಮಿ, ನೆಲವನ್ನು ಮೇಜಿನ ಮುಂದೆ ಕೂತು ಡೊಂಕು ಮಾಡಿದವರೇ ನೀವಲ್ಲವೇ?

ಅಮೆರಿಕದಲ್ಲಿ ವಲಸಿಗ ರೈತನ ಮಗನಾಗಿ ಹುಟ್ಟಿದ ಅರ್ಥಶಾಸ್ತ್ರಜ್ಞನೊಬ್ಬ, ಅರ್ಥಶಾಸ್ತ್ರ ವಿಕಾಸದ ಶಾಸ್ತ್ರವಾಗಲಿ ಎಂದು ಕೇಳಿದ್ದ. ಅವನ ಅರ್ಥವೇ ಬೇರೆ. ಜನರ ರೂಢಿ, ಕಸುಬು, ಒಬ್ಬರಿಂದೊಬ್ಬರು ಕಲಿತ ಕೈಚಳಕ ಕಾಲಕಾಲಕ್ಕೆ ಹೇಗೆ ಬೆಳೆಯುತ್ತವೆ, ಹೇಗೆ ಮಾರ್ಪಡುತ್ತವೆ ಎಂದು ನೋಡಿ ಅಂದ. ಆ ಕಣ್ಣಿಂದ ನೋಡಿದ್ದರೆ ನಿಮಗೆ ನಮ್ಮ ಗಿರಣಿ ಕಾಣುತ್ತಿತ್ತು. ಸದ್ದಿಗೆ ಕಿವಿ ಹೋದಾಗ ತುಟಿಯಿಂದ ಮಾತು ಕಟ್ಟಿಕೊಂಡವರಿಗೆ ಹೊಂದಿಕೊಳ್ಳಲು ಬರುವುದಿಲ್ಲ ಎಂದು ಕಲ್ಲಿನ ಮೇಲೆ ಬರೆಯಲು ನಿಮಗೆ ನಾಚಿಕೆಯಾಗಲಿಲ್ಲವೇ?

ಇಷ್ಟೆಲ್ಲ ಪುಸ್ತಕದ ಮಾತು ಬೇಡವೆಂದರೆ ಬಿಡಿ. ಅಪ್ಪ ಸತ್ತ ಏಳು ತಿಂಗಳಿಗೆ, ಅಕ್ಟೋಬರಿನಲ್ಲಿ, ಅಮ್ಮ ಮತ್ತು ನಾನು ಭಾನುವಾರದ ಸಂತೆಗೆ ಹೋಗಿದ್ದೆವು. ಒಬ್ಬ ವ್ಯಾಪಾರಿ ಕಂಬಳಿಗಳನ್ನು ಹರಡಿಕೊಂಡು ಕೂಗುತ್ತಿದ್ದ. ಅಮ್ಮ ಹಾದು ಹೋಗುತ್ತ ಒಂದರ ಅಂಚಿನ ಮೇಲೆ ಕೈಯಾಡಿಸಿದಳು, ನೇಕಾರರು ಬಟ್ಟೆ ಕಂಡರೆ ಮುಟ್ಟದೆ ಹೋಗುವುದಿಲ್ಲ. ಅವಳ ಬೆರಳು ಗಕ್ಕನೆ ನಿಂತಿತು. ಗೇಣು ಹಾಕಿದಳು. ಮತ್ತೆ ನಿಂತಿತು. ಮತ್ತೊಂದು ಗೇಣು.

"ಎಲ್ಲಿದಪ್ಪಾ ಇದು?" ಎಂದಳು.

"ಪೆರುವಿನ ಮಾಲು ಅಮ್ಮಾ, ಹೊಸದು! ಅಲ್ಲಿನ ಮಿಷನ್ನು ಫಸ್ಟ್ ಕ್ಲಾಸು. ನಮ್ಮೋರ ಕೊಳೆತ ಗಿರಣಿಗಳ ಥರ ಅಲ್ಲ. ಅದಕ್ಕೇ ನಮ್ಮವು ಮುಚ್ಚಿದ್ವು, ಅವರವು ನಡೀತಿವೆ."

"ಈ ಕಿಂಡಿ?"

"ಅಯ್ಯೋ, ಅದೇನು ಮಹಾ! ಗಾಳಿ ಆಡೋದಕ್ಕೆ ಬಿಟ್ಟಿರ್ತಾರೆ. ಇದುವರೆಗೆ ಒಬ್ಬರೂ ಅದನ್ನ ಕೇಳಿಲ್ಲ."

ಅಮ್ಮ ಸಂತೆಯ ಮಧ್ಯೆ ಜೋರಾಗಿ ನಕ್ಕಳು. ನಗುತ್ತಲೇ ನೆಲಕ್ಕೆ ಕುಸಿದು ಕೂತಳು. ಗುಜರಿಗೆ ಹೋದ ನಲವತ್ತೇಳು ಗಡಿಯಾಚೆ ಎಲ್ಲೋ ಎಂಟು ವರ್ಷದಿಂದ ದುಡಿಯುತ್ತಿತ್ತು, ಅದೇ ಕಿಂಡಿ ಬಿಡುತ್ತಿತ್ತು, ಅದರ ಬಟ್ಟೆ ನಮ್ಮ ಊರಿಗೇ ಬಂದು ಸಮರ್ಥ ಮಾಲು ಎಂದು ಮಾರಾಟವಾಗುತ್ತಿತ್ತು. ಆ ಒಂದು ಎಳೆ ಯಾರನ್ನೂ ಕೊಂದಿರಲಿಲ್ಲ. ಅದರ ಹೆಸರಲ್ಲಿ ಹೇಳಿದ ಸುಳ್ಳು ಕೊಂದದ್ದು ಒಬ್ಬರನ್ನೇ. ಅಪ್ಪ ಏಳು ತಿಂಗಳು ಹೆಚ್ಚು ಬದುಕಿದ್ದರೆ! ಇದೊಂದನ್ನು ನೆನೆದಾಗ ನನಗೆ ಈಗಲೂ ಊಟ ಸೇರುವುದಿಲ್ಲ.

ಅಂದು ಕೊಂಡು ತಂದ ಆ ಕಂಬಳಿ ಕಿಟಕಿಯ ಪಕ್ಕದ ಕುರ್ಚಿಯ ಮೇಲಿದೆ. ನೀವು ಕೋಟು ಬಿಚ್ಚಿ ಹಾಕಿದ್ದು ಅದರ ಮೇಲೆಯೇ. ಅಮ್ಮ ಪ್ರತಿ ಬೆಳಿಗ್ಗೆ ಆರೂವರೆಗೆ ಆ ಕುರ್ಚಿಯ ಎದುರು ನಿಂತು ತುಟಿಯಾಡಿಸುತ್ತಾಳೆ: "ತಪ್ಪು ನಿಂದಲ್ಲ ಕಣೋ. ಅದು ಇನ್ನೂ ಓಡ್ತಿದೆ." ಮೂವತ್ತು ವರ್ಷವಾಯಿತು, ಒಂದು ದಿನವೂ ತಪ್ಪಿಲ್ಲ. "ನಂಬಿದ್ರಾ?" ಎಂದು ಒಮ್ಮೆ ಕೇಳಿದೆ. "ಇಲ್ಲ, ಇನ್ನೂ ಗೇಟಿನ ಹತ್ರಾನೇ ನಿಂತಿದ್ದಾನೆ. ನನ್ನ ಮಾತು ಕೇಳಲ್ಲ ಅವನು. ಹೆಂಡತಿ ಸಮಾಧಾನಕ್ಕೆ ಹೇಳ್ತಾಳೆ ಅಂದ್ಕೋತಾನೆ. ಆವತ್ತು ಹೇಳಿದವರು ದೊಡ್ಡ ಮನುಷ್ಯರು, ಅಲ್ಲಗಳೆಯೋದೂ ಅವರೇ ಆಗ್ಬೇಕು" ಎಂದಳು. ನಾನು ಓದಿದವಳು, ಸತ್ತವರು ಗೇಟಿನ ಬಳಿ ನಿಲ್ಲುವುದಿಲ್ಲವೆಂದು ಬಲ್ಲೆ. ಆದರೂ ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಹೋಗುವುದನ್ನು ಬಿಟ್ಟು ಬಹಳ ವರ್ಷವಾಯಿತು. ಈಗ ಅದೇ ಗೇಟಿನಲ್ಲಿ, ಅದೇ ಸುಳ್ಳನ್ನು, ಅವರ ಕಣ್ಣೆದುರೇ ಕಲ್ಲಿನಲ್ಲಿ ನೆಡಲು ಹೊರಟಿದ್ದೀರಿ. ಪರದೆ ಎಳೆಯಲು ಅವರ ಹೆಂಡತಿಯೇ ಬೇಕು ನಿಮಗೆ.

ಆದ್ದರಿಂದ ಕೇಳುವುದು ಇಷ್ಟು. ಆ ವಾಕ್ಯ ತೆಗೆಯಿರಿ. ಗಿರಣಿಯನ್ನು ಮುಚ್ಚಿಸಿದ್ದು ಮನುಷ್ಯರ ಆದೇಶ ಎಂದು ಬರೆಯುವ ಧೈರ್ಯವಿಲ್ಲದಿದ್ದರೆ ಕಲ್ಲನ್ನು ಖಾಲಿ ಬಿಡಿ, ಖಾಲಿ ಕಲ್ಲಾದರೂ ಸುಳ್ಳು ಹೇಳುವುದಿಲ್ಲ. ಅಮ್ಮ ಹನ್ನೆರಡಕ್ಕೆ ಬಂದೇ ಬರುತ್ತಾಳೆ, ಕಂಬಳಿ ಹೊದ್ದು ಬರುತ್ತಾಳೆ. ವಾಕ್ಯ ಹಾಗೇ ಇದ್ದರೆ ನಿಮ್ಮ ಪರದೆ ಎಳೆದ ಕೈಯಿಂದಲೇ ಅದರ ಮೇಲೆ ಕಂಬಳಿ ಹೊದಿಸುತ್ತಾಳೆ, ಫೋಟೋ ಅದರದ್ದೇ ಬರುತ್ತದೆ.

ಇನ್ನೊಂದು. ನಿಮ್ಮ ಭಾಷಣ, ಮೈಕು, ಚಪ್ಪಾಳೆ ಯಾವುದೂ ಅವಳಿಗೆ ಕೇಳಿಸುವುದಿಲ್ಲ. ಅವಳು ನಿಮ್ಮ ತುಟಿಯನ್ನೇ ನೋಡುತ್ತಿರುತ್ತಾಳೆ. ಪರದೆ ಎಳೆಯುವ ಮೊದಲು ಒಂದು ಕ್ಷಣ ಗೇಟಿನ ಕಡೆ ತಿರುಗಿ, ಅವಳಿಗೂ ಕಾಣುವ ಹಾಗೆ ನಿಂತು, "ಬಾಲ್ದೊಮೆರೊ, ತಪ್ಪು ನಿಮ್ಮದಲ್ಲ, ಮನೆಗೆ ಹೋಗಿ" ಅನ್ನಿ. ದನಿ ತೆಗೆಯಬೇಕಾಗಿಲ್ಲ. ಇಲಾಖೆಯ ಯಾವ ಕಡತಕ್ಕೂ ಅದು ಸೇರುವುದಿಲ್ಲ. ಕೇಳಿಸಬೇಕಾದ ಇಬ್ಬರಿಗೆ ಕೇಳಿಸುತ್ತದೆ.

ಇಂತಿ,
ನಿಮ್ಮ ಕಲ್ಲಿನ ಪ್ರಕಾರ ಅಳಿದುಹೋದ ತಳಿಯ, ಇನ್ನೂ ಉಳಿದಿರುವ ಮಗಳು
ಮಿರೆಯಾ ಕಾರ್ಕಾಮೊ ಸಾಯೆಸ್
ಗಿರಣಿ ಗೇಟಿನಿಂದ ಮೂರನೆಯ ಬೀದಿ, ಪೆಲುಮೊ