ತಾನೇ ಮುಚ್ಚುವ ಗೇಟು

ಕಲ್ಲುಗುಂಡಿ, 1962

ಸಂಕಪ್ಪಣ್ಣನಿಗೆ ತಂಗಿ ಚೆನ್ನುವಿನ ನಮಸ್ಕಾರ.

ನೀನು ಹಗ್ಗಕ್ಕೆ ಕಲ್ಲು ತೂಗಿಸಿ ಮಾಡಿಕೊಟ್ಟ ಗೇಟು ಎಂಥ ಆಶ್ಚರ್ಯ ಅಣ್ಣ! ನಿನ್ನೆ ನಾನು ಸೌದೆ ಹೊತ್ತು ಒಳಗೆ ಬಂದ ಬೆನ್ನಿಗೇ ಮಗು ಮೋಹಿನಿ ರಸ್ತೆಯ ಕಡೆ ಅಂಬೆಗಾಲಿಟ್ಟಿತ್ತು. ಅದು ತಲುಪುವ ಮೊದಲೇ, ದೇವರೇ ದೂಡಿದ ಹಾಗೆ, ಗೇಟು ಮುಚ್ಚಿತು. ಹೊರಗೆ ಮಡಿಕೇರಿಯ ಲಾರಿ ಹೋಯಿತು.

ಆಮೇಲೆ ಹಗ್ಗ ನೋಡಿದೆ. ಶಬ್ದ ಬಾರದಿರಲೆಂದು ಹಗ್ಗ ಹಾಯುವ ರಾಟೆಗೆ ನಾನು ತೆಂಗಿನೆಣ್ಣೆ ಹಾಕುತ್ತಿದ್ದೆನಲ್ಲ, ಆ ವಾಸನೆಗೆ ಇಲಿ ಬಂದು ಕಚ್ಚಿದೆ. ಒಂದೇ ಎಳೆ ಉಳಿದಿದೆ. ಆ ಎಳೆಯೇ ಮಗುವನ್ನು ಕಾದದ್ದು!

“ಬರೀ ಕಟ್ಟಿದರೆ ಆಗ್ಲಿಲ್ಲ ಮಾರಾಯ್ತಿ, ಆಗಾಗ ನೋಡ್ಬೇಕು” ಎಂದು ನೀನು ಹೇಳಿದ್ದೆ. ಹೊಸ ಹಗ್ಗ, ಇಲಿ ಮುಟ್ಟದ ಗಾಡಿಯ ಕೀಲೆಣ್ಣೆ ತೆಗೆದುಕೊಂಡು ಬೇಗ ಬಾ. ಅಲ್ಲಿಯವರೆಗೆ ಮಗುವನ್ನು ಸೊಂಟದಿಂದ ಇಳಿಸುವುದಿಲ್ಲ.

ದಾರಿ ಕಾಯುವ,
ಚೆನ್ನು